ಆರು ಡಯೋಡ್‌ಗೆ ಸುಮ್ಮನಾದ ಸಿಪಿಯು ಫ್ಯಾನ್: ನನ್ನ ಅನುಭವ

ಉಡುಪಿಯ ಕುಂಜಿಬೆಟ್ಟಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನಾನು ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ರೆಕಾರ್ಡ್ ಮಾಡುತ್ತೇನೆ. ಚೆಂಡೆ ಬಾರಿಸುವಾಗ ಏನೂ ತೊಂದರೆ ಇಲ್ಲ. ಪಾತ್ರದ ಮಾತಾಡುವ ಅರ್ಥಧಾರಿ ಒಂದು ಮಾತು ಹೇಳಿ ತಡೆದು ನಿಲ್ಲುತ್ತಾರಲ್ಲ, ಆಗ ಸಿಪಿಯು ಫ್ಯಾನಿನ ಗುಂಯ್‌ ಸದ್ದು ಚೆನ್ನಾಗಿ ಕೇಳುತ್ತಿತ್ತು. ಸಾಫ್ಟ್‌ವೇರಿನಲ್ಲಿ ತೆಗೆದರೆ ಅವರ ಸ್ವರವೂ ತೆಳ್ಳಗಾಗುತ್ತದೆ.

ಫ್ಯಾನ್ ಮೂರು ಪಿನ್ನಿನದು, ಮದರ್ ಬೋರ್ಡು ಪಿಡಬ್ಲ್ಯೂಎಂ (ನಾಲ್ಕನೇ ಪಿನ್ನಿನಿಂದ ಸ್ಪೀಡ್ ಹೇಳುವ ಸಿಗ್ನಲ್) ಮಾತ್ರ ಕೊಡುವಂಥದ್ದು. ಬಯೋಸ್ ಸೆಟ್ಟಿಂಗಿನಲ್ಲಿ ಏನು ಮಾಡಿದರೂ ಫುಲ್ ಸ್ಪೀಡೇ. ವೋಲ್ಟೇಜ್ ಇಳಿಸಿ ಫ್ಯಾನ್ ನಿಧಾನ ಮಾಡುತ್ತೇನೆ ಅಂದೆ. "ಭಾವ, ನಮ್ಮೂರ ಸೆಕೆಗೆ ಇದೆಲ್ಲ ಆಗ್ಲಿಕ್ಕಿಲ್ಲ, ಪ್ರೊಸೆಸರ್ ಹೋಗ್ತದೆ" ಎಂದ ಹೆಂಡತಿಯ ತಮ್ಮ. ರಿಪೇರಿಯವರೂ ಅದನ್ನೇ ಹೇಳಿದರು. ಹೆದರಿಕೆ ನನಗೂ ಇತ್ತು. ರೆಕಾರ್ಡಿಂಗ್ ಹೊತ್ತಿಗೆ ಸೀಲಿಂಗ್ ಫ್ಯಾನ್ ಬಂದ್, ಕಿಟಕಿಯೂ ಬಂದ್.

ಮೊದಲು 33 ಓಮ್‌ನ ಕಾಲು ವ್ಯಾಟ್ ರೆಸಿಸ್ಟರ್ ಹಾಕಿದೆ. ಅರ್ಧ ಗಂಟೆಗೆ ಕಪ್ಪಾಗಿ ವಾಸನೆ ಬಂತು. ಅಲ್ಲಿ ಅರ್ಧ ವ್ಯಾಟಿಗಿಂತ ಜಾಸ್ತಿ ಬಿಸಿಯಾಗುತ್ತಿತ್ತು, ಲೆಕ್ಕ ಹಾಕದೆ ಹಾಕಿದ್ದು ತಪ್ಪು. ಆಮೇಲೆ ಹಳದಿ (12 ವೋಲ್ಟ್) ಮತ್ತು ಕೆಂಪು (5 ವೋಲ್ಟ್) ವಯರ್ ನಡುವೆ ಏಳು ವೋಲ್ಟ್ ತೆಗೆಯುವ ಹಳೇ ಉಪಾಯ. ಎರಡು ವಾರ ಚೆನ್ನಾಗಿತ್ತು. ಒಂದು ದಿನ ಪಿನ್ ಜಾರಿ ಎರಡೂ ತಾಗಿ ಕಂಪ್ಯೂಟರಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಹೋಯಿತು. ಸುಮಾರು 1,200 ರೂಪಾಯಿ. ಆ ದಾರಿ ಯಾರೂ ಹಿಡಿಯಬೇಡಿ. ನಾಲ್ಕು ಪಿನ್ನಿನ ಫ್ಯಾನ್ ತಂದರೆ ಮುಗೀತಲ್ವಾ ಅನ್ನಬಹುದು. ಅದನ್ನೂ ತಂದೆ, 550 ಕೊಟ್ಟು. ಸ್ಪೀಡ್ ಇಳಿದಾಗ ಸಣ್ಣಗೆ ಟಿಕ್ ಟಿಕ್ ಶುರು. ಮೈಕಿಗೆ ಅದು ಗುಂಯ್‌ಗಿಂತ ಕೆಟ್ಟದ್ದು.

ಕೊನೆಗೆ ಮಂಗಳೂರಿಗೆ ಹೋದಾಗ ಹಂಪನಕಟ್ಟೆಯಿಂದ 4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಣ್ಣ ಬಿಡಿಭಾಗ) ತಂದೆ. ಒಂದಕ್ಕೆ ಒಂದೋ ಎರಡೋ ರೂಪಾಯಿ. ಒಂದೊಂದೂ ಮುಕ್ಕಾಲು ವೋಲ್ಟ್‌ನಷ್ಟು ಇಳಿಸುತ್ತದೆ. ಆರನ್ನು ಸಾಲಾಗಿ ಬೆಸುಗೆ ಹಾಕಿ ಪಾಸಿಟಿವ್ ವಯರಿಗೆ ಮಾತ್ರ ಸೇರಿಸಿದೆ, ಬೆಳ್ಳಿ ಪಟ್ಟಿ ಫ್ಯಾನಿನ ಕಡೆಗೆ. ಸ್ಪೀಡ್ ತೋರಿಸುವ ವಯರ್ ಮುಟ್ಟಲಿಲ್ಲ. ಏಳೂವರೆ ವೋಲ್ಟ್ ಸಿಕ್ಕಿತು. 2,100ರಷ್ಟಿದ್ದ ಆರ್‌ಪಿಎಂ 1,300ರ ಹತ್ತಿರ ಬಂತು. ಒಂಬತ್ತು ಹಾಕಿ ನೋಡಿದೆ, ಫ್ಯಾನ್ ತಿರುಗಲೇ ಇಲ್ಲ, ಬೂಟ್ ಆಗುವಾಗಲೇ ಎರರ್. ಅಂಥ ಫ್ಯಾನನ್ನೂ ಎಬ್ಬಿಸುವ ಒಂದು ಜೋಡಣೆ ನನ್ನ ಹತ್ತಿರ ಇದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಬೇರಿಂಗಿಗೆ ಎಣ್ಣೆಯ ಪ್ರಯೋಗವೂ ನಡೆಯಿತು. ತೆಂಗಿನೆಣ್ಣೆ ಬೇಡವೇ ಬೇಡ, ತಿಂಗಳಲ್ಲಿ ಧೂಳು ಹಿಡಿದು ಅಂಟಾಯಿತು. ಹೊಲಿಗೆ ಮಿಷನ್ ಎಣ್ಣೆ ಎರಡು ಹನಿ ಸಾಕು. ಸೈಕಲ್ ಟ್ಯೂಬ್ ಕತ್ತರಿಸಿ ಕ್ಯಾಬಿನೆಟ್ ಫ್ಯಾನಿನ ಸ್ಕ್ರೂಗಳ ಕೆಳಗೆ ಕೊಟ್ಟದ್ದರಿಂದ ತಗಡಿನ ನಡುಕ ನಿಂತಿತು.

ಮೇ ತಿಂಗಳಲ್ಲೇ ಪರೀಕ್ಷೆ ಮಾಡಿದೆ. ರೆಕಾರ್ಡ್ ಆಗುವಾಗ ಪ್ರೊಸೆಸರಿನ ಬಿಸಿ 48 ಇದ್ದದ್ದು 54 ಡಿಗ್ರಿ, ಮಿಕ್ಸ್ ಮಾಡಿ ಫೈಲ್ ತೆಗೆಯುವಾಗ 77ರ ತನಕ. ನನ್ನ ಪ್ರೊಸೆಸರಿನ ಮಿತಿ 100. ಮೂರು ಗಂಟೆಯ ಪ್ರಸಂಗ ಪೂರ್ತಿ ರೆಕಾರ್ಡ್ ಆಯಿತು. ಭಾವಮೈದುನ ಹೆಡ್‌ಫೋನ್ ಹಾಕಿ ಕೇಳಿದ, ಮೌನದ ಜಾಗ ಮೌನವಾಗಿಯೇ ಇತ್ತು.

ನಮ್ಮ ಕಡೆಯ ತೇವಕ್ಕೆ ಧೂಳು ಪ್ರೊಸೆಸರಿನ ಬಿಸಿ ಹೀರುವ ಹೀಟ್‌ಸಿಂಕಿಗೆ ಅಂಟಿಕೊಳ್ಳುತ್ತದೆ. ಎರಡು ತಿಂಗಳಿಗೊಮ್ಮೆ ಬ್ರಷ್ ಹಾಕುತ್ತೇನೆ. ಒಮ್ಮೆ ಬಿಟ್ಟಾಗ ನಾಲ್ಕೈದು ಡಿಗ್ರಿ ಏರಿತ್ತು.