ನೀರು ಅಂಚಿನಿಂದ ಬರುತ್ತದೆ: ನನ್ನ ಅಡುಗೆಮನೆಯ ಕಪಾಟುಗಳು

ಅಡುಗೆಮನೆ ಕಪಾಟಿಗೆ ಯಾವ ಸಾಮಗ್ರಿ ಒಳ್ಳೆಯದು ಎಂದು ಕೇಳುವವರನ್ನು ನಾನು ತಿರುಗಿ ಕೇಳುವುದು ಒಂದೇ: ಯಾವ ಜಾಗದ ಕಪಾಟಿಗೆ? ಸಿಂಕಿನ ಕೆಳಗೆ, ಒಲೆಯ ಪಕ್ಕ, ತಲೆಯ ಮೇಲೆ ಎಲ್ಲ ಕಡೆಗೂ ಒಂದೇ ಹಲಗೆ ಹೊಡೆಯುವುದು ಈಗಿನ ರೂಢಿ. ಮರಗೆಲಸವನ್ನೇ ನಂಬಿ ಬದುಕುವ ನಾನು ಕುಂದಾಪುರದ ಬಳಿ ಸ್ವಂತ ಮನೆ ಕಟ್ಟಿಸಿದಾಗ ಆ ರೂಢಿಯನ್ನು ಬಿಟ್ಟೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗದ ಊರಿನಲ್ಲಿ ಹಲಗೆ ಹೇಗೆ ಒಣಗಿರುತ್ತದೆ? ಅದರ ಮೇಲೆ ನಮ್ಮ ಹೆಂಗಸರು ಗಂಡಸರು ಎಲ್ಲರಿಗೂ ಅಡುಗೆಮನೆಯ ನೆಲಕ್ಕೆ ನೀರು ಸುರಿದು ತೊಳೆದರೇ ಸಮಾಧಾನ. ಈ ಎರಡನ್ನೂ ಒಪ್ಪಿಕೊಂಡು ಕೆಲಸ ಶುರು ಮಾಡಿದೆ.

ಸಿಂಕಿನ ಕೆಳಗಿನ ಕಪಾಟಿನ ಒಡಲಿಗೆ ಮರವನ್ನಾಗಲಿ ಪ್ಲೈವುಡ್ಡನ್ನಾಗಲಿ ಹಾಕಲೇ ಇಲ್ಲ. ನೆಲದಿಂದ ನಾಲ್ಕು ಇಂಚು ಎತ್ತರಕ್ಕೆ ಕಟ್ಟೆ ಕಟ್ಟಿ, ಅದರ ಮೇಲೆ ಕಡಪ ಕಲ್ಲು ಹಾಸಿ, ಎರಡೂ ಪಕ್ಕಕ್ಕೆ ಅದೇ ಕಲ್ಲನ್ನು ಗೋಡೆ ಕೊರೆದು ಸಿಮೆಂಟಿನಲ್ಲಿ ನಿಲ್ಲಿಸಿದೆ. ಆಂಧ್ರದ ಕಡಪ ಸೀಮೆಯ ಈ ಕಪ್ಪು ಸುಣ್ಣಕಲ್ಲು ಗ್ರಾನೈಟಿಗಿಂತ ಅಗ್ಗ. ಹುಳಿ ಬಿದ್ದಲ್ಲಿ ಅದರ ಹೊಳಪು ಹೋಗುತ್ತದೆ ಎಂಬುದೊಂದೇ ತೊಂದರೆ. ಹಾಗಾಗಿ ಹುಣಸೆಹಣ್ಣು ಕಿವುಚುವ, ನಿಂಬೆ ಕತ್ತರಿಸುವ ಮೇಲಿನ ಕಟ್ಟೆಗೆ ಗ್ರಾನೈಟನ್ನೇ ಹಾಕಿದೆ. ಗಡಿಯಾಚೆ ಕೇರಳದಲ್ಲಿ ಇದೇ ಕೆಲಸಕ್ಕೆ ಫೆರೋಸಿಮೆಂಟಿನ, ಅಂದರೆ ತಂತಿಬಲೆಗೆ ಸಿಮೆಂಟ್ ಗಾರೆ ಮೆತ್ತಿ ಮಾಡಿದ, ತೆಳು ಹಲಗೆಗಳನ್ನು ಬಳಸುತ್ತಾರೆ. ಅದೂ ಒಳ್ಳೆಯದೇ. ಪೈಪು ಸೋರಲಿ, ಗೆದ್ದಲು ಬರಲಿ, ಕಲ್ಲಿಗೂ ಸಿಮೆಂಟಿಗೂ ಚಿಂತೆಯಿಲ್ಲ. ಕಲ್ಲಿನ ಮುಂಭಾಗಕ್ಕೆ ಹಲಸಿನ ಮರದ ಚೌಕಟ್ಟು ಕೂರಿಸಿ, ಬಾಗಿಲನ್ನು ಅದಕ್ಕೆ ತಿರುಗುವಂತೆ ಬಿಗಿದಿದ್ದೇನೆ.

ಆ ಚೌಕಟ್ಟಿನ ಕಲ್ಲಿಗೆ ತಾಗುವ ಮುಖಕ್ಕೆ ಗೇರೆಣ್ಣೆ ಹಚ್ಚಿದೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಕಪ್ಪು ಎಣ್ಣೆಯನ್ನು ನಮ್ಮ ಹಿರಿಯರು ಮಾಡಿನ ಪಕ್ಕಾಸಿಗೆ, ದೋಣಿಗೆ ಬಳಿಯುತ್ತಿದ್ದರು. ಗೆದ್ದಲು ಅದರ ಹತ್ತಿರ ಸುಳಿಯಲು ಹಿಂಜರಿಯುತ್ತದೆ. ಆದರೆ ಕೈಗವಸು ಇಲ್ಲದೆ ಮುಟ್ಟಬೇಡಿ, ಚರ್ಮದ ಮೇಲೆ ಬೊಕ್ಕೆ ಏಳುತ್ತದೆ. ಮರವನ್ನೂ ಕಪ್ಪಾಗಿಸುವುದರಿಂದ ಕಣ್ಣಿಗೆ ಕಾಣದ ಮುಖಕ್ಕೆ ಮಾತ್ರ ಅದು ಸರಿ.

ಉಳಿದ ಕೆಳಗಿನ ಕಪಾಟುಗಳ ಒಡಲೆಲ್ಲ ಪ್ಲೈವುಡ್. ಅಂಗಡಿಯಲ್ಲಿ ‘ವಾಟರ್‌ಪ್ರೂಫ್’ ಎಂಬ ಮಾತು ಕೇಳಿದ ಕೂಡಲೇ ನಾನು ಹಲಗೆಯ ಮೇಲಿನ ಮುದ್ರೆ ನೋಡುತ್ತೇನೆ. ಐಎಸ್ (ಭಾರತೀಯ ಮಾನದಂಡ) 303 ಎಂದಿದ್ದರೆ ಅದು ಸಾಮಾನ್ಯ ಬಳಕೆಯ ಪ್ಲೈವುಡ್. ಅದರಲ್ಲಿ ಎಂಆರ್ ಎಂದಿರುವುದು ಹಸಿ ಗಾಳಿಯನ್ನು ಒಂದಷ್ಟು ತಾಳೀತು, ನೀರನ್ನು ತಾಳದು. ನನಗೆ ಬೇಕಿದ್ದದ್ದು ಐಎಸ್ 710, ಅಂದರೆ ಮರೀನ್ ದರ್ಜೆ. ಇದರ ಪದರಗಳನ್ನು ಫೀನಾಲ್ ಅಂಟಿನಿಂದ ಕೂಡಿಸಿರುತ್ತಾರೆ, ಮಾದರಿಯನ್ನು 72 ಗಂಟೆ ಕುದಿಸಿದರೂ ಪದರ ಬಿಡಬಾರದು ಎಂಬುದು ಮಾನದಂಡ. ಐಎಸ್ಐ ಗುರುತಿನ ಕೆಳಗಿನ ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದರೆ ಅದು ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ ಎಂದು ತಿಳಿಯುತ್ತದೆ.

ಮುದ್ರೆಯನ್ನು ನಂಬಿಯೂ ನಾನು ಮನೆಯಲ್ಲಿ ಪರೀಕ್ಷೆ ಮಾಡುತ್ತೇನೆ. ಬೇರೆ ಬೇರೆ ಅಂಗಡಿಗಳಿಂದ ಅಂಗೈಯಗಲದ ತುಂಡುಗಳನ್ನು ತಂದು, ಒಂದೊಂದರ ಮೇಲೂ ಮೊಳೆಯಿಂದ ಗುರುತು ಗೀರಿ, ಹಳೆಯ ಪಾತ್ರೆಯಲ್ಲಿ ಹಾಕಿ ಬಚ್ಚಲ ಒಲೆಯ ಮೇಲೆ ಇಡೀ ಹಗಲು ಕುದಿಸಿದೆ. ಕುದಿಸಿದ್ದಷ್ಟೇ ಸಾಲದು. ಹೊರತೆಗೆದ ಮೇಲೆ ಅಂಚಿನ ಪದರಗಳ ನಡುವೆ ಉಳಿ ಇಟ್ಟು ಒಂದು ಪೆಟ್ಟು ಕೊಟ್ಟು ಎಬ್ಬಬೇಕು. ಅಂಟು ಚೆನ್ನಾಗಿದ್ದರೆ ಪದರ ಸುಲಭಕ್ಕೆ ಬಿಡುವುದಿಲ್ಲ. ಬಿಟ್ಟರೂ ಮರದ ನಾರು ಹರಿದು, ಎರಡೂ ಬದಿಗೆ ಎಳೆಎಳೆಯಾಗಿ ಅಂಟಿಕೊಂಡೇ ಬರುತ್ತದೆ. ಅಂಟು ಕಳಪೆಯಾಗಿದ್ದರೆ ಎರಡು ಪದರಗಳೂ ನುಣುಪಾಗಿ ಬೇರೆಯಾಗುತ್ತವೆ, ನಾರೇ ಕಾಣುವುದಿಲ್ಲ. ಹೀಗೆ ನುಣುಪಾಗಿ ಬಿಟ್ಟ ತುಂಡು ಎಷ್ಟೇ ಕಡಿಮೆ ಬೆಲೆಯದ್ದಾಗಿರಲಿ, ಆ ಹಲಗೆಯನ್ನು ನಾನು ಮನೆಗೆ ತರುವುದಿಲ್ಲ. ಅಂಚಿನಲ್ಲಿ ಕಾಣುವ ಕಪ್ಪು ಗೆರೆ ನೋಡಿ ಫೀನಾಲ್ ಅಂಟೆಂದು ತೀರ್ಮಾನಿಸುವವರಿದ್ದಾರೆ. ಬಣ್ಣ ಬೆರೆಸಿಯೂ ಆ ಗೆರೆ ತರಿಸಬಹುದು, ಆದ್ದರಿಂದ ನನಗೆ ಉಳಿಯ ಮೇಲೆಯೇ ಹೆಚ್ಚು ನಂಬಿಕೆ.

ಇಷ್ಟು ಒಳ್ಳೆಯ ಹಲಗೆ ತಂದರೂ ಅಂಚನ್ನು ಬಿಟ್ಟರೆ ಎಲ್ಲ ವ್ಯರ್ಥ. ಈ ಕೆಲಸದಲ್ಲಿ ನನಗೆ ಅತಿ ಮುಖ್ಯವೆನಿಸುವುದು ಇದೇ. ಬಾಗಿಲಿನ ಮುಖಕ್ಕೆ 1 ಮಿ.ಮೀ. ದಪ್ಪದ ಲ್ಯಾಮಿನೇಟ್ ಹಾಳೆ ಅಂಟಿಸಿರುತ್ತೇವೆ, ಅಲ್ಲಿಂದ ನೀರು ಒಳಗೆ ಹೋಗುವುದಿಲ್ಲ. ಅದು ಹೋಗುವುದು ಕತ್ತರಿಸಿದ ಅಂಚಿನಿಂದ, ಪೈಪಿಗೆಂದು ಕೊರೆದ ತೂತಿನಿಂದ, ಬಾಗಿಲು ತಿರುಗುವ ಹಿಂಜಿನ ಬಟ್ಟಲು ಕೂರಿಸುವ 35 ಮಿ.ಮೀ. ಗುಂಡಿಯಿಂದ, ಗೋಡೆಗೆ ಒತ್ತಿಕೊಂಡ ಬೆನ್ನಿನಿಂದ. ನೆಲ ತೊಳೆದ ನೀರಿಗೆ ತಾಗುವ ಕೆಳ ಅಂಚು ಯಾರ ಕಣ್ಣಿಗೂ ಬೀಳುವುದಿಲ್ಲವೆಂದು ಹಾಗೇ ಬಿಡುವ ಕೆಲಸಗಾರರನ್ನು ಬಹಳ ನೋಡಿದ್ದೇನೆ. ನನ್ನ ಮನೆಯಲ್ಲಿ ಮುಂದೆ ಕಾಣುವ ಅಂಚಿಗೆ 2 ಮಿ.ಮೀ. ಪಿವಿಸಿ ಪಟ್ಟಿ, ಒಳಗಿನದಕ್ಕೆ 0.8 ಮಿ.ಮೀ. ಪಟ್ಟಿ ಅಂಟಿಸಿದೆ. ಪಟ್ಟಿ ಹಿಡಿಯದ ಕಡೆಗಳಿಗೆ, ಗುಂಡಿ ತೂತುಗಳ ಒಳಕ್ಕೆ ನೀರು ಹೀರದ ಎಪಾಕ್ಸಿ ಅಂಟು ಬಳಿದೆ. ಒಂದು ಪಕ್ಕಕ್ಕೆ ಮಾತ್ರ ಲ್ಯಾಮಿನೇಟ್ ಅಂಟಿಸಿದ ಬಾಗಿಲು ಮಳೆಗಾಲದಲ್ಲಿ ಸೊಟ್ಟಗಾಗುತ್ತದೆ. ಎರಡೂ ಮುಖಕ್ಕೆ ಹಾಕಲೇಬೇಕು. ಬೆನ್ನಿನ ಹಲಗೆಗೂ ಗೋಡೆಗೂ ನಡುವೆ ಒಂದು ಬೆರಳಿನಷ್ಟು ಗಾಳಿ ಬಿಟ್ಟಿದ್ದೇನೆ.

ಮರದ ನಾರು, ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡುವ ಎಂಡಿಎಫ್, ಪಾರ್ಟಿಕಲ್ ಬೋರ್ಡ್‌ಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಒಣ ಹವೆಯ ಊರಿನ ಮೇಲ್ಗಪಾಟಿಗೆ ಅವು ನಡೆದಾವು; ಇಲ್ಲಿ ಒಮ್ಮೆ ನೀರು ಕುಡಿದು ಉಬ್ಬಿದ ಬೋರ್ಡ್ ಮತ್ತೆ ಇಳಿಯುವುದಿಲ್ಲ, ಸ್ಕ್ರೂ ಕೈಯಲ್ಲೇ ಕಿತ್ತು ಬರುತ್ತದೆ. ಎಚ್‌ಡಿಎಚ್‌ಎಂಆರ್ ಎಂಬ, ತೇವ ತಾಳುವಂತೆ ಒತ್ತಿ ಮಾಡಿದ ನಾರಿನ ಹಲಗೆ ಅದಕ್ಕಿಂತ ಬಹಳ ಗಟ್ಟಿ, ಮುಖ ನುಣುಪು, ಬಣ್ಣ ಬಳಿಯುವ ಬಾಗಿಲಿಗೆ ತುಂಬ ಚೆನ್ನಾಗಿ ಒದಗುತ್ತದೆ. ಪಿವಿಸಿ ಫೋಮ್ ಬೋರ್ಡಿಗೆ ನೀರಿನ ಭಯವೂ ಇಲ್ಲ, ಗೆದ್ದಲಿನ ಭಯವೂ ಇಲ್ಲ. ಆದರೆ ಅದರಲ್ಲಿ ಸ್ಕ್ರೂ ಬಲವಾಗಿ ಕಚ್ಚುವುದಿಲ್ಲ, ಒಲೆಯ ಬಿಸಿಗೆ ಮೆತ್ತಗಾಗುತ್ತದೆ, ಉದ್ದದ ಶೆಲ್ಫ್ ಮಾಡಿ ಕುಚ್ಚಲಕ್ಕಿ ಡಬ್ಬ ಇಟ್ಟರೆ ಬಾಗುತ್ತದೆ. ಸಿಂಕಿನ ಕೆಳಗಿನ ಬಾಗಿಲಿಗೆ ಮಾತ್ರ ಅದನ್ನು ಬಳಸಿದೆ. ಭಾರದ ಡಬ್ಬಗಳಿಗೆ 18 ಮಿ.ಮೀ. ಪ್ಲೈವುಡ್ಡೇ ಆಗಬೇಕು, ಅದಕ್ಕೂ ಎರಡು ಅಡಿಗೊಂದು ಆಧಾರ ಕೊಟ್ಟಿದ್ದೇನೆ.

ಮುಂಬೈಯಲ್ಲೋ ದುಬೈಯಲ್ಲೋ ಇರುವವರು ಊರಿನ ಮನೆಗೆ ಮಾಡಿಸುವ ಅಡುಗೆಮನೆಗಳದ್ದು ಬೇರೆಯೇ ಕಷ್ಟ. ಒಲೆ ಹೊತ್ತದೆ, ಕಿಟಕಿ ತೆರೆಯದೆ ಇಡೀ ಮಳೆಗಾಲ ಮುಚ್ಚಿದ ಮನೆಯಲ್ಲಿ ಎಂಥ ಹಲಗೆಯ ಕಪಾಟಾದರೂ ಒಳಗೆ ಬೂಷ್ಟು ಹಿಡಿಯುತ್ತದೆ. ಅಂಥವರಿಗೆ ನಾನು ದುಬಾರಿ ಸಾಮಗ್ರಿ ಹೇಳುವುದಿಲ್ಲ, ಬಾಗಿಲಿಗೆ ಗಾಳಿ ಸೀಳು ಇಡಿ ಎನ್ನುತ್ತೇನೆ.

ಮೇಲಿನ ಕಪಾಟಿನ ಬಾಗಿಲುಗಳಿಗೆ ಹಲಸಿನ ಮರ. ನಮ್ಮ ತೋಟದ್ದೇ ಮರ, ಕೊಯ್ಸಿ ನೆರಳಿನಲ್ಲಿ ಪಟ್ಟಿ ಇಟ್ಟು ಪೇರಿಸಿ ಒಣಗಿಸಿದ್ದೆ. ಹಳದಿ ತಿರುಳನ್ನಷ್ಟೇ ತೆಗೆದುಕೊಂಡು ಬಿಳಿ ಭಾಗವನ್ನು ಬಿಟ್ಟೆ, ಹುಳು ಹಿಡಿಯುವುದು ಬಿಳಿಗೇ. ಒಂದೇ ಅಗಲ ಹಲಗೆಯ ಬಾಗಿಲಾದರೆ ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ಸೀಳುತ್ತದೆ. ಅದಕ್ಕೇ ಚೌಕಟ್ಟು ಮಾಡಿ, ಒಳಅಂಚಿಗೆ ತೋಡು ಹೊಡೆದು, ನಡುವಿನ ಹಲಗೆಯನ್ನು ಅಂಟು ಹಾಕದೆ ಆ ತೋಡಿನಲ್ಲಿ ಸಡಿಲವಾಗಿ ಕೂರಿಸಿದೆ. ಜುಲೈಯಲ್ಲಿ ಹಲಗೆ ಹಿಗ್ಗಿ ತೋಡನ್ನು ತುಂಬಿಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ಹಿಂದೆ ಸರಿದು, ಅಂಚಿನಲ್ಲಿ ಪಾಲಿಶ್ ತಾಗದ ತೆಳು ಹಳದಿ ಗೆರೆಯೊಂದು ಕಾಣಿಸುತ್ತದೆ. ಹಲಗೆಯನ್ನು ಜೋಡಿಸುವ ಮೊದಲೇ ಅದರ ಅಂಚಿಗೆ ಪಾಲಿಶ್ ಹಚ್ಚಿದರೆ ಆ ಗೆರೆಯೂ ಕಾಣುವುದಿಲ್ಲ. ಹಲಸಿನ ಹಳದಿ ವರ್ಷಗಳು ಕಳೆದಂತೆ ಕಂದಾಗುತ್ತದೆ, ಆ ಬಣ್ಣ ನನಗೆ ಯಾವ ಲ್ಯಾಮಿನೇಟಿಗಿಂತಲೂ ಇಷ್ಟ.

ಕಡಲ ಗಾಳಿಯ ಉಪ್ಪಿಗೆ ಮೊದಲು ಸೋಲುವುದು ಹಿಂಜು ಮತ್ತು ಡ್ರಾಯರ್ ಚಾನೆಲ್. 304 ದರ್ಜೆಯ ಸ್ಟೀಲನ್ನೇ ಕೇಳಿ ತಂದೆ. ಅಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುತ್ತದೆ ಎನ್ನುತ್ತಾರೆ. ಆದರೆ ಕಡಿಮೆ ದರ್ಜೆಯ 202 ಕೂಡ ಅಯಸ್ಕಾಂತಕ್ಕೆ ಸಾಮಾನ್ಯವಾಗಿ ಅಂಟುವುದಿಲ್ಲ, ಆ ಪರೀಕ್ಷೆಯಿಂದ ಇವೆರಡರ ವ್ಯತ್ಯಾಸ ತಿಳಿಯದು. ದರ್ಜೆ ನಮೂದಿಸಿದ ಬಿಲ್ ಪಡೆಯುವುದೇ ಸರಿ.

ಸಿಂಕು ಕಟ್ಟೆಗೆ ಸೇರುವ ಸಂದಿಗೆ ಸಿಲಿಕಾನ್ ತುಂಬಿದ್ದೇನೆ. ವಿನೆಗರ್ ವಾಸನೆಯ ಸಿಲಿಕಾನ್ ಆಮ್ಲ ಬಿಡುತ್ತದೆ, ಕಲ್ಲಿಗೂ ಲೋಹಕ್ಕೂ ಒಳ್ಳೆಯದಲ್ಲ. ನ್ಯೂಟ್ರಲ್ ಎಂದು ಬರೆದಿರುವುದನ್ನೇ ಕೊಳ್ಳಬೇಕು. ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಆ ಸಂದಿಯ ಮೇಲೆ ಉಗುರು ಓಡಿಸಿ ನೋಡುತ್ತೇನೆ. ಎಲ್ಲಾದರೂ ಎದ್ದಿದ್ದರೆ ಅಷ್ಟನ್ನು ಕಿತ್ತು, ಒಣಗಿಸಿ, ಹೊಸದು ತುಂಬುತ್ತೇನೆ.