ಕರೆಂಟ್ ಬಂದ ಮೇಲಿನ ಆರು ನಿಮಿಷ

2020ರ ಅಕ್ಟೋಬರ್ 12ರ ಬೆಳಿಗ್ಗೆ ಹತ್ತರ ಸುಮಾರಿಗೆ ಮುಂಬೈ, ಠಾಣೆ, ನವಿ ಮುಂಬೈಗಳ ವಿದ್ಯುತ್ ಒಟ್ಟಿಗೇ ಹೋಯಿತು. ಲೋಕಲ್ ರೈಲುಗಳು ಇದ್ದಲ್ಲೇ ನಿಂತವು. ನವಿ ಮುಂಬೈನ ಮಹಾಪೆಯಲ್ಲಿ ನಾನು ನೋಡಿಕೊಳ್ಳುತ್ತಿದ್ದ ಸಣ್ಣ ಡೇಟಾ ಸೆಂಟರಿನಲ್ಲಿ ಮಾತ್ರ ಒಂದು ಸರ್ವರ್ ಕೂಡ ಆರಲಿಲ್ಲ. ಯುಪಿಎಸ್ ಭಾರ ಹೊತ್ತಿತು, 12 ಸೆಕೆಂಡಿಗೆ ಜನರೇಟರ್ ಶುರುವಾಯಿತು. ಗಂಡಾಂತರ ಕಳೆಯಿತು ಎಂದುಕೊಂಡೆ.

ಆದರೆ ಚಿಲ್ಲರ್, ಅಂದರೆ ಕೋಣೆಯನ್ನು ತಂಪಾಗಿಡುವ ನೀರನ್ನು ತಣ್ಣಗೆ ಮಾಡುವ ಯಂತ್ರ, ಎದ್ದಿರಲಿಲ್ಲ. ಕರೆಂಟ್ ಬಂದ ಕೂಡಲೇ ಓಡುವ ಯಂತ್ರ ಅದಲ್ಲ. ಮೊದಲು ಅದರ ಕಂಟ್ರೋಲ್ ಪ್ಯಾನೆಲ್ ಚಾಲೂ ಆಗಬೇಕು, ನೀರು ಹರಿಯುತ್ತಿದೆಯೆಂದು ಖಾತ್ರಿಯಾಗಬೇಕು, ಕಂಪ್ರೆಸರ್ ಕೆಡದಂತೆ ಕಾಯುವ ಟೈಮರ್ ಮುಗಿಯಬೇಕು. ಅಷ್ಟರಲ್ಲಿ ಆರು ನಿಮಿಷ. ಅಷ್ಟು ಹೊತ್ತೂ 80 ಕಿಲೋವ್ಯಾಟ್ ಉಣ್ಣುತ್ತಿದ್ದ ಸರ್ವರ್‌ಗಳು ಅಷ್ಟನ್ನೂ ಶಾಖವಾಗಿ ಕಕ್ಕುತ್ತಿದ್ದವು. ರ‍್ಯಾಕುಗಳ ಮುಂದಿನ ಗಾಳಿ 23 ಡಿಗ್ರಿಯಿಂದ 36ಕ್ಕೆ ಏರಿತು. 27 ದಾಟಬಾರದೆಂಬುದು ನಮ್ಮ ಕಸುಬಿನ ರೂಢಿ. ಸರ್ವರ್‌ಗಳ ಫ್ಯಾನುಗಳು ಒಟ್ಟಿಗೇ ಊಳಿಟ್ಟ ಆ ಸದ್ದು ಇನ್ನೂ ಕಿವಿಯಲ್ಲಿದೆ. ನಾನು ಬಾಗಿಲು ತೆರೆಯಲು ಓಡಿದೆ. ಜನರೇಟರ್ ನೋಡಿಕೊಳ್ಳುವ ಕಾರವಾರದ ಹಿರಿಯರು, ನಾವೆಲ್ಲ ಮಾಮ ಎನ್ನುವವರು, ಕೈ ಅಡ್ಡ ಹಿಡಿದರು: "ತೆಗೆಯಬೇಡ ತಮ್ಮಾ, ಖಾಡಿಯ ಗಾಳಿ ಒಳಗೆ ಬರುತ್ತದೆ." ಖಾಡಿ ಎಂದರೆ ಸಮುದ್ರದ ಹಿನ್ನೀರು; ಉಪ್ಪು, ತೇವ ಎರಡೂ ಇರುವ ಗಾಳಿ ಅದು. ಅವರು ತಡೆದದ್ದಕ್ಕೆ ಇಂದಿಗೂ ಋಣಿ.

ದೊಡ್ಡ ಜನರೇಟರ್ ತನ್ನಿ ಎಂದು ಹಲವರು ಹೇಳಿದರು. ನಮಗೆ ಬೇಕಿದ್ದದ್ದು ಆ ಆರು ನಿಮಿಷ ದಾಟಿಸುವ ತಂಪು. ಹಾಗಾಗಿ ತಣ್ಣೀರಿನ ಲೈನಿಗೆ 5,000 ಲೀಟರಿನ ಟ್ಯಾಂಕ್ ಸೇರಿಸಿದೆವು. ಅಷ್ಟು ನೀರು 7ರಿಂದ 13 ಡಿಗ್ರಿಗೆ ಏರುವಾಗ ಸುಮಾರು 35 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ ಹೀರುತ್ತದೆ. 80 ಕಿಲೋವ್ಯಾಟಿಗೆ ಲೆಕ್ಕದಲ್ಲಿ 26 ನಿಮಿಷ. ಲೆಕ್ಕ ನಿಜವಾಗಬೇಕಾದರೆ ನೀರು ಕಲಸಿಹೋಗಬಾರದು. ನಮ್ಮ ಮೊದಲ ಪರೀಕ್ಷೆಯಲ್ಲಿ ಆದದ್ದು ಅದೇ: ಮರಳಿ ಬಂದ ಬಿಸಿ ನೀರು ಟ್ಯಾಂಕಿನೊಳಗೆ ರಭಸದಿಂದ ಬಿದ್ದು ಎಲ್ಲವನ್ನೂ ಕದಡಿಬಿಟ್ಟಿತು. ಆಮೇಲೆ ಮೇಲ್ಭಾಗದಲ್ಲಿ ತೂತುಗಳಿರುವ ಅಡ್ಡ ಪೈಪು ಕೂರಿಸಿ, ಬಿಸಿ ನೀರು ಮೆಲ್ಲಗೆ ಮೇಲೇ ಹರಡಿಕೊಳ್ಳುವಂತೆ ಮಾಡಿದೆವು. ತಣ್ಣೀರು ತಳದಿಂದ ಹೊರಡುತ್ತದೆ.

ಟ್ಯಾಂಕ್ ಇದ್ದು ಪಂಪು ನಿಂತರೆ ಏನೂ ಪ್ರಯೋಜನವಿಲ್ಲ. ಪಂಪುಗಳಿಗೂ ತಂಪು ಗಾಳಿ ಬೀಸುವ ಒಳಗಿನ ಬ್ಲೋವರ್‌ಗಳಿಗೂ ಬೇರೆಯೇ ಒಂದು ಯುಪಿಎಸ್ ಕೊಟ್ಟೆವು. ಮೋಟಾರು ಶುರುವಾಗುವಾಗಿನ ಕರೆಂಟಿನ ಸೆಳೆತ ಸರ್ವರ್‌ಗಳ ಲೈನಿಗೆ ತಾಗಕೂಡದು. ಚಿಲ್ಲರ್‌ನ ಕಂಟ್ರೋಲ್ ಪ್ಯಾನೆಲ್ಲಿಗೂ ಅದರಿಂದಲೇ ತಂತಿ ಎಳೆದೆವು. ಅಷ್ಟು ಚಿಕ್ಕ ಕೆಲಸದಿಂದಲೇ ಕಾಯುವ ಹೊತ್ತಿನಲ್ಲಿ ಒಂದೂವರೆ ನಿಮಿಷ ಉಳಿಯಿತು. ರ‍್ಯಾಕಿನ ಖಾಲಿ ಜಾಗಗಳನ್ನೂ ತಗಡಿನಿಂದ ಮುಚ್ಚಿದೆವು, ಹಿಂದಿನ ಬಿಸಿ ಮುಂದಕ್ಕೆ ನುಗ್ಗದಂತೆ.

ಈಗ ಪ್ರತಿ ತಿಂಗಳೂ ನಾವೇ ಮುಖ್ಯ ಬ್ರೇಕರ್ ಇಳಿಸಿ ಪರೀಕ್ಷಿಸುತ್ತೇವೆ. ಕಳೆದ ಸಲ ಚಿಲ್ಲರ್ ಏಳುವ ಹೊತ್ತಿಗೆ ರ‍್ಯಾಕುಗಳ ಮುಂದೆ 24 ಡಿಗ್ರಿ ಇತ್ತು. ಪರದೆಯಲ್ಲಿ ಅಂಕಿ ಕಂಡರೂ ಮಾಮ ಹೋಗಿ ಟ್ಯಾಂಕಿನ ತಳದ ಪೈಪಿನ ಮೇಲೆ ಅಂಗೈ ಇಟ್ಟು ನೋಡಿದರು. "ಇನ್ನೂ ತಣ್ಣಗಿದೆ" ಎಂದು ನನ್ನ ಕೈಯನ್ನೂ ಎಳೆದು ಅಲ್ಲಿಟ್ಟರು.