ರಕ್ತ ಗಟ್ಟಿಯಾಗಿದೆಯಾ? ಮಾತ್ರೆಗೆ ಮೊದಲು ರಿಪೋರ್ಟ್ ನೋಡಿ

ನಮ್ಮ ಚಿಕ್ಕಪ್ಪ ಕೋಲಾರದ ಟೊಮೆಟೊ ಮಂಡಿಯಲ್ಲಿ ಕ್ರೇಟ್ ಹೊರುತ್ತಾರೆ. "ನಿನ್ ರಕ್ತ ಗಟ್ಟಿ ಆಗೈತಣ್ಣ, ದಿನಾ ಒಂದು ಆಸ್ಪಿರಿನ್ ನುಂಗು" ಎಂದು ಯಾರೋ ಹೇಳಿದರು. ಎರಡು ತಿಂಗಳು ನುಂಗಿದರು. ಹೊಟ್ಟೆ ಉರಿ ಬಂತು, ಅಷ್ಟೇ. 'ರಕ್ತ ತೆಳು ಮಾಡುವ ಮಾತ್ರೆ' ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಆಸ್ಪಿರಿನ್ ರಕ್ತವನ್ನು ನೀರಾಗಿಸುವುದಿಲ್ಲ. ಪ್ಲೇಟ್‌ಲೆಟ್‌ಗಳು (ರಕ್ತ ಹೆಪ್ಪುಗಟ್ಟಿಸುವ ಪುಟ್ಟ ಕಣಗಳು) ಅಂಟಿಕೊಂಡು ಗಡ್ಡೆ ಕಟ್ಟುವುದನ್ನು ತಡೆಯುತ್ತದೆ. ಗಡ್ಡೆ ಬೇರೆ, ಗಟ್ಟಿತನ ಬೇರೆ.

ಮೊದಲು ಸಿಬಿಸಿ, ಅಂದರೆ ರಕ್ತದ ಕಣಗಳನ್ನು ಎಣಿಸುವ ಪರೀಕ್ಷೆ ಮಾಡಿಸಿ. ರಿಪೋರ್ಟಿನಲ್ಲಿ 'ಪಿಸಿವಿ' ಅಥವಾ 'ಹೆಮಟೋಕ್ರಿಟ್' ಎಂಬ ಸಾಲು ಹುಡುಕಿ. ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ ಎಷ್ಟು ಎಂಬ ಲೆಕ್ಕ ಅದು. ಗಂಡಸರಲ್ಲಿ ಸುಮಾರು 40ರಿಂದ 50, ಹೆಂಗಸರಲ್ಲಿ 36ರಿಂದ 46. ಅಂಬಲಿಗೆ ರಾಗಿ ಹಿಟ್ಟು ಜಾಸ್ತಿ ಬಿದ್ದರೆ ಏನಾಗುತ್ತದೆ? ಇಲ್ಲೂ ಅದೇ. ಫೈಬ್ರಿನೋಜನ್ ಎಂಬ ಪ್ರೋಟೀನ್ ಕೂಡ ರಕ್ತವನ್ನು ಗಟ್ಟಿ ಮಾಡುತ್ತದೆ, ಆದರೆ ಅದು ಸಿಬಿಸಿಯಲ್ಲಿ ಕಾಣುವುದಿಲ್ಲ.

ಪರೀಕ್ಷೆಯ ದಿನ ಮುಖ್ಯ. ಏಪ್ರಿಲ್ ಬಿಸಿಲಲ್ಲಿ ಲೋಡ್ ಇಳಿಸಿ, ನೀರೂ ಕುಡಿಯದೆ ಲ್ಯಾಬ್‌ಗೆ ಹೋದರೆ ಪಿಸಿವಿ ಏರಿಯೇ ಇರುತ್ತದೆ. ಚಿಕ್ಕಪ್ಪನಿಗೆ 52 ಬಂದಿತ್ತು. ಎರಡು ದಿನ ನೀರು, ಮಜ್ಜಿಗೆ ಚೆನ್ನಾಗಿ ಕುಡಿದು ಮತ್ತೆ ಕೊಟ್ಟಾಗ 48. ಹೃದಯ ಅಥವಾ ಕಿಡ್ನಿ ದುರ್ಬಲ ಇರುವವರು ಮಾತ್ರ ಎಷ್ಟು ನೀರು ಎಂದು ವೈದ್ಯರನ್ನು ಕೇಳಬೇಕು.

ಆದರೂ ಜಾಸ್ತಿ ಇದ್ದರೆ? ಬೀಡಿ, ಸಿಗರೇಟು ಇದೆಯಾ ನೋಡಿಕೊಳ್ಳಿ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್ನಿನಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಕೊರತೆ ತುಂಬಲು ದೇಹ ಇನ್ನಷ್ಟು ಕೆಂಪು ಕಣ ಮಾಡುತ್ತದೆ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದೂ ಕಾರಣವಾಗಬಹುದು.

ಗಟ್ಟಿ ರಕ್ತ ನಿಧಾನ ಹರಿಯುತ್ತದೆ, ತಳ್ಳಲು ಹೃದಯಕ್ಕೆ ಶ್ರಮ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 55ರಿಂದ 74 ವಯಸ್ಸಿನ 1,592 ಜನರನ್ನು ಐದು ವರ್ಷ ಗಮನಿಸಿದಾಗ, ಹೃದಯಾಘಾತ, ಪಾರ್ಶ್ವವಾಯು ಆದವರ ರಕ್ತ ಹೆಚ್ಚು ಗಟ್ಟಿ ಇತ್ತು. ಹಾಗಂತ ಎಲ್ಲ ತಪ್ಪನ್ನೂ ಗಟ್ಟಿತನದ ಮೇಲೆ ಹಾಕುವಂತಿಲ್ಲ. ಬೀಡಿ ರಕ್ತವನ್ನೂ ಗಟ್ಟಿ ಮಾಡುತ್ತದೆ, ರಕ್ತನಾಳವನ್ನೂ ಕೆಡಿಸುತ್ತದೆ ಅಲ್ವಾ?

ಇದ್ಯಾವುದೂ ಇಲ್ಲದೆ ಪಿಸಿವಿ ಮತ್ತೆ ಮತ್ತೆ ಏರಿದರೆ, ಬಿಸಿನೀರು ಸ್ನಾನದ ನಂತರ ಮೈ ತುರಿಸಿದರೆ, ರಕ್ತದ ತಜ್ಞರನ್ನು ನೋಡಿ. ಪಾಲಿಸೈಥೀಮಿಯಾ ವೆರಾ ಇರಬಹುದು. ಮೂಳೆ ಮಜ್ಜೆ ಕೆಂಪು ಕಣಗಳನ್ನು ಮಿತಿಮೀರಿ ಮಾಡುವ ಅಪರೂಪದ ಕಾಯಿಲೆ. ಆಗಾಗ ರಕ್ತ ತೆಗೆದು ಪಿಸಿವಿಯನ್ನು 45ರ ಕೆಳಗೆ ಇಡುತ್ತಾರೆ. 2013ರಲ್ಲಿ ಪ್ರಕಟವಾದ ಇಟಲಿಯ ಪ್ರಯೋಗದಲ್ಲಿ, 45ರ ಕೆಳಗೆ ಇಟ್ಟವರಿಗಿಂತ 45ರಿಂದ 50ರಲ್ಲಿ ಇಟ್ಟವರಿಗೆ ಹೃದಯ, ರಕ್ತನಾಳದ ತೊಂದರೆಯಿಂದ ಸಾವು ಮತ್ತು ದೊಡ್ಡ ರಕ್ತಗಡ್ಡೆಗಳ ಅಪಾಯ ಸುಮಾರು ನಾಲ್ಕು ಪಟ್ಟು ಕಂಡಿತ್ತು.

ಸ್ಟೆಂಟ್ ಹಾಕಿಸಿಕೊಂಡವರು, ಹೃದಯಾಘಾತ ಆದವರು ಇದನ್ನು ಓದಿ ಆಸ್ಪಿರಿನ್ ಬಿಡಬೇಡಿ. ನಿಮಗದು ವೈದ್ಯರೇ ಬರೆದದ್ದು. ಚಿಕ್ಕಪ್ಪ ಬಿಟ್ಟರು. ಈಗ ಮಂಡಿಗೆ ಎರಡು ಲೀಟರ್ ಬಾಟಲಿ ಒಯ್ಯುತ್ತಾರೆ.